ಹೆಗಡೇರ ಪಟ್ಟಿ

ಶಿರಸಿ ಹತ್ತಿರದ ಇಸಳೂರಿನಲ್ಲಿ ಬೆಳಗಾಗುವುದು ಚಿರೇಕಲ್ಲು ಕೆತ್ತುವ ಸದ್ದಿನಿಂದ. ವರ್ಷವಿಡೀ ಯಾವುದೋ ಒಂದು ಹೊಸ ಮನೆ ಏಳುತ್ತಲೇ ಇರುತ್ತದೆ. ಕಲ್ಲಿನ ಅಂಚು ಸವರುವ ಟಕ್ ಟಕ್ ಹಾಲಿನವನಿಗಿಂತ ಮೊದಲೇ ಬಂದು ಕಿಟಕಿ ತಟ್ಟುತ್ತದೆ. ಹನ್ನೊಂದು ವರ್ಷದಿಂದ ಅಲ್ಲೇ ಇರುವ ವೇದಾಗೆ ಆ ಸದ್ದು ಕಿವಿಗೆ ಬೀಳುವುದೇ ನಿಂತುಹೋಗಿತ್ತು. ೨೦೦೯ರ ಡಿಸೆಂಬರಿನ ಆ ಬುಧವಾರ ಮಾತ್ರ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿತು.

"ಕೋಲಸಿರ್ಸಿಗೆ ಹೋಗಿ ಬತ್ತೆ," ಎಂದಳು ಗಂಡನಿಗೆ.

ಸೀತಾರಾಮ ಹೈಸ್ಕೂಲು ಮಾಸ್ತರ. ಶೂಗೆ ಪಾಲಿಶ್ ಹಾಕುತ್ತಿದ್ದವನು ತಲೆ ಎತ್ತಿದ. "ಅಲ್ಲಿ ಯಾರಿದ್ದ?"

"ರೋಹಿಣಿ ಹೇಳಿ ಇದ್ದಿತ್ತಲ, ಪ್ರೆಸ್ಸಲ್ಲಿ."

"ಅದು ಬಿಟ್ಟು ಆರು ವರ್ಷ ಆತು. ಈಗ ಎಂತ ಕೆಲಸ?"

"ಒಂದು ಮಾತು ಹೇಳದಿತ್ತು."

"ಆರು ವರ್ಷ ಇಟ್ಗಂಡ ಮಾತಾ? ಹುಳಿ ಬಂದಿಕ್ಕು," ಎಂದು ನಕ್ಕು ಅವನು ಮತ್ತೆ ಶೂ ಉಜ್ಜತೊಡಗಿದ. ವೇದಾ ನಗಲಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು.

ವೇದಾ ಹುಟ್ಟಿದ್ದು ಯಲ್ಲಾಪುರ ತಾಲೂಕಿನಲ್ಲಿ, ಮೂವರು ಅಕ್ಕಂದಿರ ಕೆಳಗೆ. ಓದಿದ್ದು ಅಕ್ಕಂದಿರ ಪುಸ್ತಕ, ಹಾಕಿದ್ದು ಅಕ್ಕಂದಿರ ಲಂಗ. ಪುಸ್ತಕದ ಅಂಚಿನಲ್ಲಿ ಉತ್ತರ ಮೊದಲೇ ಬರೆದಿರುತ್ತಿತ್ತು. ಲಂಗದ ಕೆಳಗಿನ ಮಡಿಕೆ ಮೂರು ಸಲ ಬಿಚ್ಚಿ ಹೊಲಿದದ್ದಾಗಿರುತ್ತಿತ್ತು. ಯಾರೂ ಅವಳನ್ನು ಕಡೆಗಣಿಸಿದ್ದಲ್ಲ. ನಾಲ್ಕನೆಯವಳಿಗೆ ಹೊಸತು ಏಕೆ ಬೇಕು ಎಂಬ ಪ್ರಶ್ನೆಯೇ ಆ ಮನೆಯಲ್ಲಿ ಎದ್ದಿರಲಿಲ್ಲ, ಅಷ್ಟೆ.

ಶಿರಸಿಯಲ್ಲಿ ಬಿ.ಎಸ್ಸಿ. ಮುಗಿಸಿ ೧೯೯೫ರಲ್ಲಿ ಅವಳು ಅಲ್ಲೇ ಅನಂತಮೂರ್ತಿಯವರ ಮುದ್ರಣಾಲಯ ಸೇರಿದಳು. ಅಲ್ಲಿ ಅವಳ ಪಾಲಿಗೆ ಬಂದ ಕಂಪ್ಯೂಟರ್ ಕೂಡ ಹುಬ್ಬಳ್ಳಿಯ ಯಾವುದೋ ಕಚೇರಿಯವರು ಬಳಸಿ ಬಿಟ್ಟದ್ದು. ಕೀಲಿಮಣೆಯಲ್ಲಿ ಮೂರು ಅಕ್ಷರ ಸವೆದುಹೋಗಿದ್ದವು. ಮಳೆಗಾಲ ಬಂತೆಂದರೆ ಯಂತ್ರ ಮುನಿಸಿಕೊಂಡು ಕಪ್ಪಗೆ ಕೂರುತ್ತಿತ್ತು. ರಿಪೇರಿಗೆ ಹುಬ್ಬಳ್ಳಿಯಿಂದ ಜನ ಬರುವುದು ವಾರಕ್ಕೋ ಹದಿನೈದು ದಿನಕ್ಕೋ. ಕಾದು ಸಾಕಾಗಿ ವೇದಾ ತಾನೇ ಪೆಟ್ಟಿಗೆಯ ಬಗಲು ಬಿಚ್ಚಲು ಕಲಿತಳು. ಒಳಗಿನ ಹಸಿರು ಹಲಗೆಯ ಕಿಂಡಿಯಿಂದ ಮೆಮೊರಿಯ ಪಟ್ಟಿಯನ್ನು ಎಳೆದು, ಅದರ ಹೊಂಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ, ಊದಿ, ಒತ್ತಿ ಕೂರಿಸಿದರೆ ಯಂತ್ರ ಪೀಂ ಎಂದು ಏಳುತ್ತಿತ್ತು. ನಾಲ್ಕಾರು ವರ್ಷದಲ್ಲಿ ಊರಿನ ಅರ್ಧ ಕಂಪ್ಯೂಟರುಗಳು ಅವಳ ರಬ್ಬರು ಕಂಡಿದ್ದವು.

ಮುದ್ರಣಾಲಯಕ್ಕೆ ಹೆಸರು ತಂದದ್ದು ಮದುವೆ ಕಾಗದವಲ್ಲ, ದೂರವಾಣಿ ಕೈಪಿಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಫೋನ್ ನಂಬರುಗಳನ್ನು ಒಟ್ಟುಮಾಡಿ ಅನಂತಮೂರ್ತಿಯವರು ಪ್ರತಿವರ್ಷ ಅಚ್ಚು ಹಾಕಿಸುತ್ತಿದ್ದರು. ಮನೆಮನೆಯಲ್ಲೂ ಫೋನಿನ ಪಕ್ಕ ಅದು ದಾರ ಕಟ್ಟಿಕೊಂಡು ನೇತಾಡುತ್ತಿತ್ತು. ಅದನ್ನು ನೋಡುವ ಕ್ರಮವೇ ಬೇರೆ. ನಮ್ಮ ಕಡೆ ಎಣಿಸಿದರೆ ಅಡ್ಡಹೆಸರು ಹತ್ತೋ ಹದಿನೈದೋ. ಹೆಗಡೆ, ಭಟ್ಟ, ನಾಯ್ಕ, ಗೌಡ ಎಂದರೆ ಮುಕ್ಕಾಲು ಪುಸ್ತಕ ಮುಗಿದಂತೆ. ಗಣಪತಿ ಹೆಗಡೆಯವರೇ ನೂರಾರು. ಹಾಗಾಗಿ ಯಾರೂ ಪೂರ್ತಿ ಹೆಸರು ಹುಡುಕುತ್ತಿರಲಿಲ್ಲ. ಮೊದಲು ಹೆಗಡೆ ಭಾಗ ತೆಗೆಯುವುದು, ಆಮೇಲೆ ಊರು, ಆಮೇಲೆ ಮೇಲಿನಮನೆಯೋ ಕೆಳಗಿನಮನೆಯೋ ಎಂದು ಬೆರಳು ಇಳಿಸುತ್ತಾ ಹೋಗುವುದು. ದಾರಿಯಲ್ಲಿ ನಾಲ್ಕು ನೆಂಟರ ಹೆಸರು ಸಿಕ್ಕಿ, ಅವರಿಗೂ ಒಂದು ಫೋನ್ ಮಾಡಿ, ನಿಜವಾಗಿ ಬೇಕಾದವರನ್ನು ಮರೆಯುವುದೂ ಉಂಟು.

೨೦೦೧ರಲ್ಲಿ ಈ ಪಟ್ಟಿಯ ಕೆಲಸಕ್ಕೆಂದೇ ರೋಹಿಣಿ ಬಂದಳು. ಕೋಲಸಿರ್ಸಿಯ ಕೆರಿಯ ನಾಯ್ಕನ ಮಗಳು. ಪಿಯುಸಿ ಮುಗಿಸಿ ಟೈಪಿಂಗ್ ಕಲಿತಿದ್ದಳು. ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ಬಾಯಿ ಸ್ವಲ್ಪ ಜೋರು, ಬೆರಳು ಅದಕ್ಕಿಂತ ಜೋರು. ಎರಡು ವರ್ಷದಲ್ಲಿ ಹದಿನಾಲ್ಕು ಸಾವಿರ ಹೆಸರುಗಳನ್ನು ಅವಳೊಬ್ಬಳೇ ಕಂಪ್ಯೂಟರಿಗೆ ಹೊಡೆದಳು. ಸಂಶಯ ಬಂದರೆ ಆ ಮನೆಗೇ ಫೋನ್ ಮಾಡಿ, "ನಿಮ್ಮ ಮನೆ ಹೆಸರಿಗೆ ದೀರ್ಘ ಉಂಟಾ?" ಎಂದು ಕೇಳುತ್ತಿದ್ದಳು. ಯಂತ್ರದ ಬಗಲು ಬಿಚ್ಚುವುದನ್ನೂ ಕಲಿತಳು. ವೇದಾ ರಬ್ಬರು ಹಿಡಿದರೆ ರೋಹಿಣಿ ಟಾರ್ಚ್ ಹಿಡಿಯುತ್ತಿದ್ದಳು. ಕೆಲವೇ ತಿಂಗಳಲ್ಲಿ ಅದು ಅದಲುಬದಲಾಯಿತು.

೨೦೦೩ರಲ್ಲಿ ಅನಂತಮೂರ್ತಿಯವರಿಗೆ ಕೈಪಿಡಿಯನ್ನು ಇಂಟರ್ನೆಟ್ಟಿಗೆ ಹಾಕುವ ಹುರುಪು ಬಂತು. ಬೇರೆಯವರ ಯಂತ್ರದಲ್ಲಿ ಜಾಗ ಬಾಡಿಗೆಗೆ ಸಿಗುತ್ತದೆ ಎಂದು ವೇದಾ ಹೇಳಿನೋಡಿದಳು.

"ಎಂತಕ್ಕೆ?" ಎಂದರು ಅವರು. "ಕಾನಸೂರು ಹೆಗಡೇರ ನಂಬರು ಅಮೆರಿಕದಲ್ಲಿ ಎಂತಕ್ಕೆ ಇಡವು? ಇಲ್ಲೇ ಮಾಳಿಗೆ ಮೇಲೆ ಇರ್ಲಿ. ನೀನು ಇದ್ದೆ ಅಲ್ದ ನೋಡ್ಕಂಬಲೆ. ಯಂತ್ರ ಆರಿಸೋದು ನಿನ್ನ ಜವಾಬ್ದಾರಿ, ಆನು ತಲೆ ಹಾಕ್ತಿಲ್ಲೆ."

ರೋಹಿಣಿಯ ಕಡೆ ತಿರುಗಿ, "ಇದೊಂದು ಸುಸೂತ್ರ ನಡೀಲಿ ತಂಗಿ. ನಿನ್ನನ್ನು ಹುಬ್ಬಳ್ಳಿಗೆ ಆರು ತಿಂಗಳ ಹಾರ್ಡ್‌ವೇರ್ ಕೋರ್ಸಿಗೆ ಪ್ರೆಸ್ಸಿನಿಂದಲೇ ಕಳಿಸ್ತೇನೆ. ಬಂದ ಮೇಲೆ ಇಲ್ಲೇ ಕಾಯಂ," ಎಂದರು. ರೋಹಿಣಿ ಅವತ್ತೇ ಕೋರ್ಸಿನ ಅರ್ಜಿ ತರಿಸಿಕೊಂಡು ಭರ್ತಿ ಮಾಡಿ ಚೀಲದಲ್ಲಿಟ್ಟುಕೊಂಡಳು. ತಾರೀಖಿನ ಜಾಗ ಒಂದನ್ನು ಮಾತ್ರ ಖಾಲಿ ಬಿಟ್ಟಿದ್ದಳು.

ಕೈಪಿಡಿ ಇಡುವ ಸರ್ವರ್ ಯಂತ್ರಕ್ಕೆ ಎತ್ತಿಟ್ಟ ಹಣದಲ್ಲಿ ಎರಡರಲ್ಲೊಂದು ಆಗುತ್ತಿತ್ತು. ಆಗಷ್ಟೇ ಬಂದಿದ್ದ ಅತ್ಯಂತ ವೇಗದ ಪೆಂಟಿಯಂ ಫೋರ್ ಪ್ರೊಸೆಸರ್ ತೆಗೆದುಕೊಂಡರೆ ಮೆಮೊರಿ ೨೫೬ ಎಂಬಿ ಮಾತ್ರ. ಹಿಂದಿನ ವರ್ಷದ, ಸ್ವಲ್ಪ ನಿಧಾನದ ಪ್ರೊಸೆಸರಿಗೆ ಒಪ್ಪಿಕೊಂಡರೆ ಅದೇ ಹಣಕ್ಕೆ ಒಂದು ಜಿಬಿ ಮೆಮೊರಿ, ಎಂದರೆ ನಾಲ್ಕು ಪಟ್ಟು. ಹುಬ್ಬಳ್ಳಿಯ ಅಂಗಡಿಯವನು ಫೋನಿನಲ್ಲಿ ಎರಡನ್ನೂ ಬಿಡಿಸಿ ಹೇಳಿದ. "ನಿಮ್ಮ ಇಷ್ಟ ನೋಡ್ರಿ ಮೇಡಂ. ಹೊಸಾದು ಬೇಕಂದ್ರ ಹಿಂತಾದ್ದು ನಿಮ್ಮ ಶಿರಸ್ಯಾಗ ಇನ್ನೂ ಯಾರ ಹತ್ರಾನೂ ಇಲ್ಲ. ಆದ್ರ ಬೋರ್ಡಿಗೆ ಎರಡ ಸ್ಲಾಟ್ ಅದಾವ್ರಿ. ಎರಡಕ್ಕೂ ನೂರಿಪ್ಪತ್ತೆಂಟರದು ಹಾಕಿ ಕೊಡ್ತೀನಿ. ಮುಂದ ಹೆಚ್ಗಿ ಮಾಡಬೇಕಂದ್ರ ಇದ್ದದ್ದು ತಗದ ಹಾಕಬೇಕು."

ಸ್ಪೀಕರ್ ಫೋನಿನಲ್ಲಿ ಕೇಳುತ್ತಿದ್ದ ರೋಹಿಣಿ, ಮಾತು ಮುಗಿದ ಕೂಡಲೇ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು ಮೇಜಿನ ಮೇಲೆ ಮಗುಚಿ ಹಾಕಿದಳು. ಹಿಂಬದಿಯಲ್ಲಿ ಅವಳ ಕೈಬರಹ: ಹೆಗಡೆ ಮೂರು ಸಾವಿರದ ಒಂಬೈನೂರು, ನಾಯ್ಕ ಎರಡು ಸಾವಿರದ ಏಳುನೂರು, ಭಟ್ಟ ಎರಡು ಸಾವಿರದ ನೂರು.

"ಅಕ್ಕ, ನಮಗೆ ಮೆಮೊರಿನೇ ಬೇಕು."

"ಯಾಕೆ?"

"ನಮ್ಮ ಜನ ಎಂತ ಹುಡುಕ್ತಾರೆ ಹೇಳಿ. ಪುಸ್ತಕದಲ್ಲಿ ನೋಡಿದ ಹಾಗೇ ನೋಡ್ತಾರೆ. ಹೆಗಡೆ ಅಂತ ಒತ್ತಿ ಸುಮ್ನೆ ಕೂರ್ತಾರೆ. ಒಬ್ಬ ಒತ್ತಿದ್ರೆ ನಾಲ್ಕು ಸಾವಿರ ಹೆಸರು. ನಮ್ಮ ಲೈನು ಸಣ್ಣದು, ಹೋಗಿ ಮುಟ್ಲಿಕ್ಕೆ ಹೊತ್ತು ಹಿಡೀತದೆ. ಅಲ್ಲಿವರೆಗೆ ಯಂತ್ರ ಅಷ್ಟನ್ನೂ ಕೈಯಲ್ಲಿ ಹಿಡ್ಕೊಂಡು ನಿಂತಿರಬೇಕು. ಅಷ್ಟರಲ್ಲಿ ಇನ್ನೂ ಹತ್ತು ಜನ ಒತ್ತಿದ್ರೆ? ಅಡುಗೆ ಭಟ್ರು ಎಷ್ಟು ಚುರುಕಾದ್ರೆ ಎಂತ, ಮಾಡಿದ್ದು ಇಳಿಸಿಡ್ಲಿಕ್ಕೆ ಜಾಗ ಇಲ್ಲದಿದ್ರೆ?"

ವೇದಾ ಆ ಹಾಳೆಯನ್ನು ನೋಡಿದಳು. ಹುಡುಗಿ ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಇದು ಮುಂದೆ ಅವಳನ್ನು ಬಹಳ ಕಾಡಿದ ಸಂಗತಿ. ತಿಳಿಯದೆ ಮಾಡಿದ್ದರೆ ಬೇರೆ ಮಾತಿತ್ತು.

ಆದರೆ ಹಿಂದಿನ ವರ್ಷದ್ದು ಎಂಬ ಮಾತು ಅವಳ ಒಳಗೆ ಎಲ್ಲೋ ಕಚ್ಚಿಕೊಂಡಿತ್ತು. ಮೂವತ್ತು ದಾಟಿದ್ದಳು. ಎಂಟು ವರ್ಷ ಇನ್ನೊಬ್ಬರು ಬಿಟ್ಟ ಯಂತ್ರಗಳ ಹಲ್ಲು ತಿಕ್ಕಿದ್ದಳು. ಇಡೀ ಶಿರಸಿಯಲ್ಲಿ ಯಾರ ಬಳಿಯೂ ಇಲ್ಲದ, ಯಾರ ಕೈಯೂ ತಾಗದ ಒಂದು ವಸ್ತುವನ್ನು ಡಬ್ಬಿಯಿಂದ ತಾನೇ ಮೊದಲು ಬಿಚ್ಚುವುದು ಹೇಗಿರುತ್ತದೆ? ಆ ಆಸೆಯನ್ನು ಆಸೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ ಅವಳು ಅದಕ್ಕೊಂದು ಕಾರಣದ ಅಂಗಿ ತೊಡಿಸಿದಳು.

"ಪ್ರೊಸೆಸರ್ ಅಷ್ಟು ಚುರುಕಿದ್ರೆ ಹಿಡಿದು ನಿಲ್ಲುವ ಪ್ರಶ್ನೆ ಎಲ್ಲಿ ಬರ್ತದೆ ರೋಹಿಣಿ? ಬಂದದ್ದು ಬಂದ ಹಾಗೇ ಕಳಿಸಿಬಿಡ್ತದೆ."

"ಲೈನು ಸಣ್ಣದು ಅಲ್ದಾ ಅಕ್ಕ?"

"ನೋಡುವಾ. ಕಡಿಮೆ ಬಿದ್ರೆ ಆಮೇಲೆ ಹಾಕುವಾ."

"ಸ್ಲಾಟು ಎರಡೇ ಅಂದ್ರಲ್ಲ ಅವ್ರು. ಅವೆರಡೂ ತುಂಬಿರ್ತದೆ."

"ನೀನು ಕೋರ್ಸ್ ಮುಗಿಸ್ಕೊಂಡು ಬಾ. ಆಮೇಲೆ ನನಗೆ ಪಾಠ ಹೇಳು," ಎಂದಳು ವೇದಾ. ತಮಾಷೆಗೆ ಅಂದ ಹಾಗೇ ಅಂದಳು. ರೋಹಿಣಿ ಹಾಳೆಯನ್ನು ನಾಲ್ಕಾಗಿ ಮಡಚಿ, "ಪಾಠ ಅಲ್ಲ ಅಕ್ಕ, ಎಣಿಸಿದ್ದು ಹೇಳಿದೆ," ಎಂದು ತನ್ನ ಜಾಗಕ್ಕೆ ಹೋದಳು.

ಯಂತ್ರ ಬಂತು. ಡಬ್ಬಿಯ ಒಳಗಿನ ಪ್ಲಾಸ್ಟಿಕ್ಕಿನ ವಾಸನೆಯೇ ವೇದಾಗೆ ಹೊಸದು. ಪ್ರೊಸೆಸರನ್ನು ಹಲಗೆಗೆ ಇಳಿಸಿ ಪಕ್ಕದ ಚಿಕ್ಕ ಹಿಡಿ ಒತ್ತಿದಾಗ ಅದು ಎಷ್ಟು ಹಿತವಾಗಿ ಕೂತಿತೆಂದರೆ, ಅವಳು ಇನ್ನೊಮ್ಮೆ ತೆಗೆದು ಕೂರಿಸಿದಳು. ಮಾಳಿಗೆಯ ಮೇಲೆ ಅದಕ್ಕೊಂದು ಮೇಜು, ಮೇಜಿಗೊಂದು ಬಟ್ಟೆ. ಖಾಲಿ ಕೂತು ಪರೀಕ್ಷೆ ಮಾಡಿದಾಗ ಎಲ್ಲವೂ ಚೆನ್ನಾಗಿತ್ತು. ಒಬ್ಬಳೇ ಹೆಗಡೆ ಎಂದು ಒತ್ತಿದರೆ ಪಟ್ಟಿ ಬರುತ್ತಿತ್ತು. ರೋಹಿಣಿ ಇನ್ನೊಂದು ಕಂಪ್ಯೂಟರಿನಿಂದಲೂ ಒತ್ತಿದಳು. ಅದೂ ಬಂತು. "ನೋಡಿದ್ಯಾ?" ಎಂದಳು ವೇದಾ. "ಇಬ್ಬರಿಗೆ ಬಂತು," ಎಂದಳು ರೋಹಿಣಿ.

ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಉದ್ಘಾಟನೆ. ಮಾಳಿಗೆಯಲ್ಲಿ ಐದು ಕಂಪ್ಯೂಟರುಗಳು, ಅರವತ್ತು ಕುರ್ಚಿ. ಸಿದ್ದಾಪುರ, ಯಲ್ಲಾಪುರಗಳ ಸೈಬರ್ ಅಂಗಡಿಗಳಲ್ಲೂ ಜನ ಸೇರಿದ್ದರು. ಬಂದವರಿಗೆ ತಮ್ಮ ಹೆಸರು ತಾವೇ ಹುಡುಕಿ ನೋಡಿ ಎಂದು ಹೇಳುವುದೆಂದು ಮೊದಲೇ ನಿಶ್ಚಯವಾಗಿತ್ತು. ಮೊದಲು ಕೂತವರು ಪೇಟೆಯ ಒಬ್ಬ ಜವಳಿ ವ್ಯಾಪಾರಿ. ಅವರ ಅಡ್ಡಹೆಸರಿನವರು ಮೂರೂ ತಾಲೂಕಿನಲ್ಲಿ ನಾಲ್ಕೇ ಮನೆ. ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಹೆಸರು ಬಂದು ನಿಂತಿತು. ಚಪ್ಪಾಳೆ ಬಿತ್ತು. ಅನಂತಮೂರ್ತಿಯವರು ವೇದಾಳ ಕಡೆ ನೋಡಿ ತಲೆಯಾಡಿಸಿದರು. ಆ ಅರ್ಧ ನಿಮಿಷ ಅವಳ ಬಾಳಿನಲ್ಲಿ ಬಹಳ ಎತ್ತರದಲ್ಲಿತ್ತು.

ಆಮೇಲೆ ಎಲ್ಲರೂ ಒಮ್ಮೆಲೇ ಕೂತರು. ಎಲ್ಲರೂ ಹೆಗಡೆ ಎಂದೇ ಒತ್ತಿದರು.

ಪರದೆಗಳು ಬೆಳ್ಳಗಾದವು. ಬೆಳ್ಳಗೇ ಉಳಿದವು. ಸರ್ವರಿನ ಹೊಟ್ಟೆಯಲ್ಲಿ ಕಟಕಟ ಶುರುವಾಯಿತು. ಮೆಮೊರಿ ತುಂಬಿ, ಉಳಿದದ್ದನ್ನು ಹಾರ್ಡ್ ಡಿಸ್ಕಿನ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ಅದು ಒದ್ದಾಡುತ್ತಿತ್ತು. ಕೆಂಪು ದೀಪ ಕಣ್ಣು ಮುಚ್ಚದೆ ಉರಿಯಿತು. ಸಿದ್ದಾಪುರದಿಂದ ಫೋನ್ ಬಂತು: "ಎಂತದೂ ಬತ್ತಾ ಇಲ್ಲೆ." ಯಲ್ಲಾಪುರದಿಂದ ಬಂತು. ವೇದಾ ಸರ್ವರನ್ನು ಆರಿಸಿ ಮತ್ತೆ ಹಾಕಿದಳು. ಜವಳಿ ವ್ಯಾಪಾರಿಯ ಹೆಸರು ಒತ್ತಿದರೆ ತಕ್ಷಣ ಬಂತು. ಇನ್ನೊಂದು ಅಪರೂಪದ ಹೆಸರು ಒತ್ತಿದರು, ಅದೂ ಬಂತು. ಹೆಗಡೆ ಎಂದು ಐದೂ ಕಡೆ ಒತ್ತಿದ ಕೂಡಲೇ ಮತ್ತೆ ಕಟಕಟ.

"ಬೇರೆಯವ್ರದ್ದೆಲ್ಲ ಬತ್ತು. ಹೆಗಡೇರದ್ದು ಮಾತ್ರ ಬತ್ತಿಲ್ಲೆ," ಎಂದರು ಅನಂತಮೂರ್ತಿಯವರು, ಕನ್ನಡಕ ತೆಗೆಯುತ್ತಾ. "ಹಂಗಾರೆ ಯಂತ್ರ ಸಮಾ ಇದ್ದು. ಹೆಗಡೇರ ಪಟ್ಟಿಯಲ್ಲೇ ಎಂತದೋ ಆಯಿದು."

ಪಟ್ಟಿ ಹೊಡೆದವಳು ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಆಗಷ್ಟೇ ಅವಳಿಗೆ ಹೂವು ಕೊಟ್ಟಿದ್ದರು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, "ಎಂತದು ತಂಗಿ, ನಾಲ್ಕು ಸಾವಿರ ಹೆಗಡೇರನ್ನ ಒಂದೇ ತುತ್ತಿಗೆ ನುಂಗಿಬಿಟ್ಯಾ?" ಎಂದರು. ಮಾಳಿಗೆ ನಗೆಯಿಂದ ತುಂಬಿತು. ಕೆಟ್ಟ ನಗೆಯಲ್ಲ; ಊಟಕ್ಕೆ ಮೊದಲಿನ, ಹಸಿವಾದವರ ನಗೆ. ಅದಕ್ಕೇ ಅದನ್ನು ತಡೆಯುವುದು ಕಷ್ಟವಿತ್ತು.

ರೋಹಿಣಿ ನಗಲಿಲ್ಲ. ಅಳಲೂ ಇಲ್ಲ. ವೇದಾಳ ಮುಖ ನೋಡಿದಳು. ಬರೀ ನೋಡಿದ್ದಲ್ಲ, ಕಾದಳು.

ವೇದಾ ಮೇಜಿನ ಕೆಳಗೆ ಬಗ್ಗಿ, ಸರಿಯಾಗಿಯೇ ಇದ್ದ ಒಂದು ಕೇಬಲನ್ನು ಒತ್ತಿದಳು. ಎದ್ದಾಗ ಹುಡುಗಿ ಅಲ್ಲಿರಲಿಲ್ಲ. ಮೆಟ್ಟಿಲ ಹತ್ತಿರ ಅನಂತಮೂರ್ತಿಯವರು ಅವಳಿಗೆ ಮೆಲ್ಲಗೆ ಹೇಳುತ್ತಿದ್ದರು: "ಬೇಜಾರು ಮಾಡ್ಕೊಳ್ಳಬೇಡ. ನಾಲ್ಕು ದಿನ ಮನೇಲಿರು. ಪಟ್ಟಿ ನೋಡಿ ಆಮೇಲೆ ಕರೀತೇನೆ."

ಎರಡು ದಿನ ಬಿಟ್ಟು ವೇದಾ ತನ್ನದೇ ಹಣ ಹಿಡಿದು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದಳು. ಐನೂರಹನ್ನೆರಡು ಎಂಬಿಯ ಎರಡು ಮೆಮೊರಿ ಪಟ್ಟಿ ತಂದಳು. ಅದೇ ದಿನ ಕೆರಿಯ ಪ್ರೆಸ್ಸಿಗೆ ಬಂದು, ಮಗಳ ಪರವಾಗಿ ತಪ್ಪಾಯಿತೆಂದು ಕೈಮುಗಿದು ಹೋಗಿದ್ದನಂತೆ. ಬಸ್ಸಿಳಿದು ಬಂದವಳಿಗೆ ಆ ಸುದ್ದಿ ಸಿಕ್ಕಿತು. ಅವಳು ಮಾಳಿಗೆ ಹತ್ತಿ ಹಳೆಯ ಮೆಮೊರಿ ಪಟ್ಟಿಗಳನ್ನು ಎಳೆದು ಹೊಸದನ್ನು ಕೂರಿಸಿದಳು. ಐದೂ ಕಡೆ ಹೆಗಡೆ ಎಂದು ಒತ್ತಿದಳು. ಸಾಲುಸಾಲಾಗಿ ಹೆಸರುಗಳು ಇಳಿದವು.

ಅನಂತಮೂರ್ತಿಯವರು ಹಿಂದೆ ಬಂದು ನಿಂತಿದ್ದರು. "ಓಹೋ, ಬಂತಲೆ! ಸರಿ ಮಾಡ್ದ್ಯ?"

"ಹ್ಞಾ. ಸರಿ ಆತು."

ಪಟ್ಟಿ ಸರಿ ಮಾಡಿದೆಯಾ ಎಂದು ಅವರು ಕೇಳಿದ್ದು, ಯಂತ್ರ ಸರಿಯಾಯಿತು ಎಂದು ಅವಳು ಹೇಳಿದ್ದು. ಸರಿ ಎಂಬ ಒಂದೇ ಮಾತಿನ ಅಡಿಯಲ್ಲಿ ಎರಡೂ ಅಡಗಿಕೊಂಡವು. ಬಿಡಿಸಿ ಹೇಳಬಹುದಾಗಿದ್ದವಳು ಅವಳೊಬ್ಬಳೇ. ಹೇಳಲಿಲ್ಲ. ಇವತ್ತು ಅವರು ಖುಷಿಯಲ್ಲಿದ್ದಾರೆ, ನಾಳೆ ಹೇಳುವಾ ಅಂದುಕೊಂಡಳು. ನಾಳೆ ಕಳೆದು ಆ ವಾರ ಕಳೆಯಿತು. ಕಾಯುವುದೇ ಒಂದು ಉತ್ತರವಾಗಿ ಗಟ್ಟಿಯಾಗುತ್ತಾ ಹೋಯಿತು. ರೋಹಿಣಿಯನ್ನು ಕರೆಯುವ ಮಾತನ್ನು ಅನಂತಮೂರ್ತಿಯವರು ಮರೆತರು, ವೇದಾ ನೆನಪಿಸಲಿಲ್ಲ. ಅವಳು ಬಂದರೆ ಆ ಮುಖ ದಿನಾ ನೋಡಬೇಕಾಗುತ್ತಿತ್ತು.

ಸೈಟು ಚೆನ್ನಾಗಿಯೇ ನಡೆಯಿತು. ಮೂರು ವರ್ಷ ಜನ ಅದನ್ನು ಬಳಸಿದರು, ಹೊಗಳಿದರು. ಆಮೇಲೆ ಕೈಕೈಗೆ ಮೊಬೈಲು ಬಂತು. ದಾರ ಕಟ್ಟಿದ ಪುಸ್ತಕಗಳು ಒಂದೊಂದಾಗಿ ಒಲೆ ಸೇರಿದವು. ೨೦೦೯ರ ಡಿಸೆಂಬರಿನಲ್ಲಿ ಅನಂತಮೂರ್ತಿಯವರು, "ಸಾಕು, ಮುಚ್ಚುವ," ಎಂದರು. ಮಂಗಳವಾರ ಮಧ್ಯಾಹ್ನ ವೇದಾ ಸರ್ವರನ್ನು ಕೊನೆಯ ಸಲ ಆರಿಸಿ ಬಗಲು ಬಿಚ್ಚಿದಳು. ಅವಳು ಅಷ್ಟೊಂದು ಆಸೆಪಟ್ಟಿದ್ದ ಪ್ರೊಸೆಸರು ಧೂಳಿನ ಕೆಳಗೆ ಬೂದು ಬಣ್ಣದ ಒಂದು ಚೂರಾಗಿತ್ತು. ಪೇಟೆಯಲ್ಲಿ ಈಗ ಅದನ್ನು ಸುಮ್ಮನೆ ಕೊಟ್ಟರೂ ಯಾರೂ ಒಯ್ಯುವುದಿಲ್ಲ. ಇದಕ್ಕಾ, ಎಂದುಕೊಂಡಳು. ಇಷ್ಟಕ್ಕಾ?

ಮರುದಿನ ಬಸ್ಸು ಕಾನಸೂರು ದಾಟಿ ಕೋಲಸಿರ್ಸಿಗೆ ಮುಟ್ಟಿದಾಗ ಹತ್ತೂವರೆ. ಅಂಗಡಿಯಲ್ಲಿ ಕೇಳಿ ಮನೆ ಹುಡುಕಿದಳು. ಜಗಲಿಯ ಮೇಲೆ ಹೊಲಿಗೆ ಯಂತ್ರ, ಅದರ ಹಿಂದೆ ರೋಹಿಣಿ. ಸ್ವಲ್ಪ ದಪ್ಪಗಾಗಿದ್ದಳು. ಕೊರಳಲ್ಲಿ ತಾಳಿ, ಕಾಲ ಬಳಿ ಬಟ್ಟೆ ಚೂರುಗಳೊಂದಿಗೆ ಆಡುವ ಸಣ್ಣ ಹುಡುಗಿ.

"ಅಯ್ಯೋ ವೇದಕ್ಕ! ದಾರಿ ತಪ್ಪಿ ಬಂದ್ರಾ ಹೆಂಗೆ?" ಎಂದಳು. ಮಾತಿನ ಮೊನೆ ಹಾಗೇ ಇತ್ತು. ಮಣೆ ಕೊಟ್ಟಳು, ಮಜ್ಜಿಗೆ ಕೊಟ್ಟಳು. ಮದುವೆ ಇದೇ ಊರಿಗೆ, ಗಂಡ ಟೆಂಪೋ ಓಡಿಸುತ್ತಾನೆ, ಅಪ್ಪನ ಮನೆ ಪಕ್ಕದಲ್ಲೇ ಎಂದೆಲ್ಲ ಹೇಳಿದಳು.

"ನಿನ್ನೆ ಸೈಟು ಮುಚ್ಚಿದ್ವಿ," ಎಂದಳು ವೇದಾ.

"ಹೌದಾ? ಯಾರು ನೋಡ್ತಾರೆ ಈಗ."

"ಅವತ್ತು ನೀನು ಹೇಳಿದ್ದು ಸರಿ ಇತ್ತು ರೋಹಿಣಿ. ಪಟ್ಟಿಯಲ್ಲಿ ಎಂತದೂ ತಪ್ಪಿರಲಿಲ್ಲ. ನಾನು ಮೆಮೊರಿ ಕಡಿಮೆ ಹಾಕಿದ್ದೆ. ಆಮೇಲೆ ಹುಬ್ಬಳ್ಳಿಗೆ ಹೋಗಿ ಬೇರೆ ತಂದು..."

"ಗೊತ್ತು ಅಕ್ಕ."

ವೇದಾ ಲೋಟ ಕೆಳಗಿಟ್ಟಳು.

"ಹದಿನೈದು ದಿನ ಬಿಟ್ಟು ಸಿದ್ದಾಪುರದ ಸೈಬರಿಗೆ ಹೋಗಿ ನೋಡಿದೆ," ಎಂದಳು ರೋಹಿಣಿ, ಸೂಜಿಗೆ ನೂಲು ಪೋಣಿಸುತ್ತಾ. "ಹೆಗಡೆ ಅಂತ ಒತ್ತಿದೆ. ಬಂತು. ಕಾನಸೂರಿನ ಒಬ್ಬರ ಮನೆ ಹೆಸರಿಗೆ ನಾನು ಒಂದು ಕೊಂಬು ಹೆಚ್ಚು ಹಾಕಿದ್ದೆ. ಸರಿ ಮಾಡ್ಬೇಕು ಅಂತ ಇಟ್ಟು ಮರ್ತಿದ್ದೆ. ಅದೂ ಹಾಗೇ ಇತ್ತು. ಪಟ್ಟಿ ಯಾರೂ ಮುಟ್ಟಲಿಲ್ಲ ಅಂತ ಆವಾಗಲೇ ಗೊತ್ತಾಯ್ತು."

"ಮತ್ತೆ ಬಂದು ಕೇಳಬಹುದಿತ್ತಲ್ಲ?"

"ನಾನು ಯಾಕೆ ಕೇಳ್ಬೇಕು? ಹೇಳೋದು ನಿಮ್ಮ ಕಡೆ ಇತ್ತು." ದನಿ ಏರಲಿಲ್ಲ. ನೂಲನ್ನು ಹಲ್ಲಿನಿಂದ ಕತ್ತರಿಸಿದಳು. "ಪ್ರೆಸ್ಸಿನ ಒಡೇರಿಗೆ ಹೇಳಿದ್ರಾ?"

"ಇಲ್ಲ. ಮೊದಲು ನಿನಗೆ ಹೇಳುವಾ ಅಂತ."

"ನನಗೆ ಹೇಳಿ ಎಂತ ಉಪಯೋಗ ಅಕ್ಕ? ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದವರಿಗೆ ಹೇಳಿ. ಅಪ್ಪ ಗದ್ದೇಲಿ ಇದ್ದಾನೆ." ಅಷ್ಟು ಹೇಳಿ ಯಂತ್ರದ ಗಾಲಿ ತಿರುಗಿಸಿದಳು. ಹೊಲಿಗೆಯ ಸದ್ದು ಶುರುವಾಯಿತು. ಅದರ ಮೇಲೆ ಮಾತಾಡುವುದು ಸಾಧ್ಯವಿರಲಿಲ್ಲ.

ಕೊಯ್ಲು ಮುಗಿದ ಗದ್ದೆಯಲ್ಲಿ ಕೆರಿಯ ಹುಲ್ಲಿನ ಹೊರೆ ಕಟ್ಟುತ್ತಿದ್ದ. ಅಂಚಿನ ಮೇಲೆ ಬರುವವಳನ್ನು ಕಂಡು, ಗುರುತು ಹಿಡಿದು, ತಲೆಗೆ ಸುತ್ತಿದ ಬಟ್ಟೆ ಬಿಚ್ಚಿದ.

"ವೇದಮ್ಮ ಅಲ್ರಾ? ನೀವು ಬರೋದಂದ್ರೆ! ಹೇಳಿ ಕಳಿಸಿದ್ರೆ ನಾನೇ ಬತ್ತಿದ್ನಲ್ರಾ." ಕೈಯಲ್ಲಿದ್ದ ಹುಲ್ಲು ಕೊಡವಿಕೊಂಡ. "ನಿಮ್ಮನ್ನ ಒಂದು ಸಲ ಕಂಡು ಹೇಳ್ಬೇಕು ಅಂತ ಇತ್ತು. ಅವತ್ತು ಅಷ್ಟು ಜನರ ಎದುರಿಗೆ ನಮ್ಮ ಹುಡುಗಿ ನಿಮ್ಮ ಮರ್ಯಾದೆ ತೆಗೆದ್ರೂ ನೀವು ಒಂದು ಮಾತು ಆಡ್ಲಿಲ್ಲಂತೆ. ಒಡೇರೇ ಹೇಳಿದ್ರು. ಬ್ಯಾರೆ ಯಾರಾದ್ರೂ ಆಗಿದ್ರೆ ಬೈದು ಬಿಡ್ತಿದ್ರು, ವೇದಮ್ಮ ಬಾಯಿ ಬಿಡ್ಲಿಲ್ಲ ಅಂತ. ದೊಡ್ಡ ಮನಸು ನಿಮ್ಮದು."

ಬಿಸಿಲು ಏರಿತ್ತು. ಕೊಯ್ದ ಭತ್ತದ ಕೂಳೆಯ ಮೊನೆಗಳು ಚಪ್ಪಲಿಯ ಅಂಚಿನಲ್ಲಿ ಚುಚ್ಚುತ್ತಿದ್ದವು. ಬಂದ ದಾರಿಯಲ್ಲೇ ಹಿಂದಿರುಗಿ ಹೋಗಬಹುದು ಎಂದು ಒಂದು ಕ್ಷಣ ವೇದಾಗೆ ಅನ್ನಿಸಿತು. ಈ ಮನುಷ್ಯ ಅವಳನ್ನು ಕೊನೆತನಕ ಹೊಗಳುತ್ತಲೇ ಇರುತ್ತಾನೆ.

"ತಪ್ಪು ರೋಹಿಣಿದಲ್ಲ ಕೆರಿಯಣ್ಣ," ಎಂದಳು. "ನನ್ನದು. ಆ ಯಂತ್ರ ಆರಿಸಿದ್ದು ನಾನು. ಅದು ಸಾಲೋದಿಲ್ಲ ಅಂತ ಅವಳು ಮೊದಲೇ ಹೇಳಿದ್ದಳು. ನಾನು ಕೇಳಲಿಲ್ಲ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಯಾರು ಹೇಳಿದ್ದು? ರೋಹಿಣಿಯಾ?"

"ಹೌದು."

"ಅವಳಿಗೆ ಅಷ್ಟೆಲ್ಲ ಗೊತ್ತಿತ್ತಾ?"

"ನನಗಿಂತ ಚೆನ್ನಾಗಿ ಗೊತ್ತಿತ್ತು."

ಕೆರಿಯ ಹೊರೆಯ ಮೇಲೆ ಕೂತ. ಮನೆಯ ಕಡೆ ನೋಡಿದ. ಹೊಲಿಗೆಯ ಸದ್ದು ಅಲ್ಲಿಯವರೆಗೆ ತೆಳ್ಳಗೆ ಬರುತ್ತಿತ್ತು.

"ಹುಬ್ಬಳ್ಳಿಗೆ ಹೋಗ್ತೆ ಅಂತ ಒಂದು ಕಾಗದ ಬರ್ದು ಇಟ್ಕಂಡಿತ್ತು," ಎಂದ. "ಪ್ರೆಸ್ಸಿನವ್ರು ಕಳಿಸ್ದೇ ಹೋದ್ರೆ ಬ್ಯಾಡ, ನಾನೇ ಕೂಲಿ ಮಾಡಿ ಕಲೀತೆ ಅಂತ ಹಟ ಹಿಡೀತು. ನಾನೇ ಅದನ್ನ ಒಲೆಗೆ ಹಾಕಿದ್ದು ವೇದಮ್ಮ. ಕಲ್ತು ಎಂತ ಮಾಡ್ತೆ, ಇನ್ನೊಬ್ರ ಮನೇಲೂ ಹಿಂಗೇ ಹಾಳು ಮಾಡ್ತೆ, ಅಂದೆ. ಅದು ತಿರುಗಿ ಒಂದು ಮಾತು ಆಡ್ಲಿಲ್ಲ. ತಪ್ಪು ಒಪ್ಕಂಡಿತು ಅಂತ ನಾನು ತಿಳ್ಕಂಡೆ."

ವೇದಾ ನಿಂತೇ ಇದ್ದಳು. ಕೂರಿ ಎಂದು ಅವನು ಹೇಳಲಿಲ್ಲ.

"ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ರಾ," ಎಂದ ಕೆರಿಯ. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂಬ ಬಯಕೆ ಮಾತ್ರ ಇತ್ತು. "ಯಾಕೆ ಹೇಳ್ಲಿಲ್ಲ?"

ಬಸ್ಸಿನಲ್ಲಿ ಬರುವಾಗ ಎಲ್ಲ ಪ್ರಶ್ನೆಗೂ ಉತ್ತರ ಜೋಡಿಸಿಕೊಂಡಿದ್ದಳು, ಇದೊಂದನ್ನು ಬಿಟ್ಟು. "ಅವತ್ತು ಎಲ್ಲರೂ ನಗ್ತಾ ಇದ್ದರು ಕೆರಿಯಣ್ಣ," ಎಂದಳು. ಹೇಳುತ್ತಲೇ ಕಾಲು ಅಂಚಿನ ಕಡೆ ತಿರುಗಿತ್ತು. "ಹೇಳಬೇಕು ಅಂತಲೇ ಇದ್ದೆ. ಜನ ಸ್ವಲ್ಪ ಕರಗಲಿ ಅಂತ ನೋಡಿದೆ, ಆಮೇಲೆ ನಾಳೆ ಹೇಳುವಾ ಅಂತ, ಆ ನಾಳೆ ಬಂದಾಗ ನಾನು," ಎನ್ನುತ್ತಾ ಅವಳು ಅವನಿಗೆ ಬೆನ್ನು ಮಾಡಿ, ಗದ್ದೆಯ ಅಂಚಿನ ಮೇಲೆ, ಮಾತಿನ ಉಳಿದ ಅರ್ಧವನ್ನು ತನಗೇ ಕೇಳದಷ್ಟು ಮೆಲ್ಲಗೆ ಆಡಿಕೊಳ್ಳುತ್ತಾ, ರಸ್ತೆಯ ಕಡೆಗೆ ನಡೆದಳು.